ಕಾಣದ ಎತ್ತಿನ ಗುಟುರು: ಕೊಪ್ಪಳ ಸೀಮೆಯ ಪ್ರಾಣಿಕತೆಗಳೂ ಶಬ್ದಕಲೆಯೂ

ಪಂಚತಂತ್ರದ ಮೊದಲ ಕತೆಯಲ್ಲಿ ಕಾಡಿನ ರಾಜ ಹೆದರುವುದು ಒಂದು ಸದ್ದಿಗೆ. ನೀರು ಕುಡಿಯಲು ಹೊಳೆಗೆ ಬಂದ ಪಿಂಗಲಕ ಎಂಬ ಸಿಂಹದ ಕಿವಿಗೆ ಎಂದೂ ಕೇಳದ ಗುಟುರೊಂದು ಬೀಳುತ್ತದೆ. ಗುಟುರು ಹಾಕಿದ್ದು ವ್ಯಾಪಾರಿಯ ಬಂಡಿಯಿಂದ ಹಿಂದೆ ಉಳಿದು, ಹಸಿ ಹುಲ್ಲು ಮೇದು ಕೊಬ್ಬಿದ ಸಂಜೀವಕ ಎಂಬ ಎತ್ತು. ಸಿಂಹಕ್ಕೆ ಎತ್ತು ಕಾಣುವುದಿಲ್ಲ, ಕೇಳುತ್ತದೆ ಅಷ್ಟೆ. ಬಾಯಾರಿಕೆ ಮರೆತು ಆಲದ ಮರದಡಿ ಹೋಗಿ ಕೂತುಬಿಡುತ್ತದೆ. ಅದರ ಭಯ ಬಿಡಿಸಲು ದಮನಕ ಎಂಬ ನರಿ ಹೇಳುವ ಕತೆಯೂ ಸದ್ದಿನದೇ. ಹಸಿದ ನರಿಯೊಂದು ಪಾಳು ರಣರಂಗಕ್ಕೆ ಬಂದಾಗ ಎಲ್ಲಿಂದಲೋ ದೊಡ್ಡ ಶಬ್ದ. ಓಡಬೇಕೆನ್ನುವಷ್ಟರಲ್ಲಿ ನೋಡುತ್ತದೆ: ಯಾರೋ ಬಿಟ್ಟುಹೋದ ನಗಾರಿ, ಗಾಳಿಗೆ ತೂಗುವ ಕೊಂಬೆ ಅದಕ್ಕೆ ಬಡಿಯುತ್ತಿದೆ. ಒಳಗೆ ಕೊಬ್ಬು ಮಾಂಸ ಇದ್ದೀತೆಂದು ಚರ್ಮ ಹರಿದು ನುಗ್ಗಿದರೆ ಬರೀ ಟೊಳ್ಳು.

ಗಾಳಿ, ಕೊಂಬೆ, ಬಿಗಿದ ಚರ್ಮ, ಬಾರಿಸುವವರಿಲ್ಲದ ವಾದ್ಯ. ಇವಿಷ್ಟನ್ನು ಇಂದು ಗ್ಯಾಲರಿಯೊಂದರಲ್ಲಿ ಜೋಡಿಸಿ ನಿಲ್ಲಿಸಿದರೆ ಅದಕ್ಕೆ ಶಬ್ದಕಲೆಯ ಪ್ರಯೋಗ ಎಂದು ಹೆಸರಿಟ್ಟು ಕಾರ್ಡು ಅಂಟಿಸುತ್ತಾರೆ. ರಾಗ ತಾಳಗಳ ಚೌಕಟ್ಟಿನಾಚೆ, ಸದ್ದನ್ನೇ ಕಲ್ಲು ಮಣ್ಣಿನ ಹಾಗೆ ಕೈಗೆತ್ತಿಕೊಂಡು ಕೆಲಸ ಮಾಡುವ ಈ ಕಲೆಗೆ ಪಶ್ಚಿಮದಲ್ಲಿ ಮುಕ್ಕಾಲು ಶತಮಾನದ ಇತಿಹಾಸವಿದೆ. 1948ರಲ್ಲಿ ಪ್ಯಾರಿಸ್ಸಿನ ಪಿಯರ್ ಶೆಫರ್ ರೈಲಿನ ಸದ್ದುಗಳನ್ನು ಮುದ್ರಿಸಿ, ಜೋಡಿಸಿ ಒಂದು ಕೃತಿ ಕಟ್ಟಿದ. ಸದ್ದಿನ ಮೂಲ ಕಣ್ಣಿಗೆ ಬೀಳದಿದ್ದಾಗ ಕೇಳುವಿಕೆಯೇ ಬದಲಾಗುತ್ತದೆ ಎಂಬುದು ಅವನ ಮುಖ್ಯ ವಿಚಾರ. ಪೈಥಾಗೊರಸನ ಶಿಷ್ಯರು ಪರದೆಯ ಹಿಂದಿನಿಂದ ಬರುತ್ತಿದ್ದ ಗುರುವಿನ ಮಾತನ್ನು ಅವನ ಮುಖ ನೋಡದೆಯೇ ಕೇಳುತ್ತಿದ್ದರೆಂಬ ಹಳೆಯ ಐತಿಹ್ಯವನ್ನು ಅದಕ್ಕೆ ಆಧಾರವಾಗಿ ತಂದುಕೊಂಡ. ಪಿಂಗಲಕನ ಆಲದ ಮರ ಅವನಿಗೆ ಗೊತ್ತಿದ್ದಿದ್ದರೆ ಗ್ರೀಸಿನವರೆಗೆ ಹೋಗುವ ಅಗತ್ಯವಿರಲಿಲ್ಲ.

ಮಧ್ಯಯುಗದ ಪ್ರಾಣಿಕತೆಗಳಿಂದ ಹೊಸ ಶಬ್ದಕಲೆ ಹುಟ್ಟಬಹುದೆ, ಹುಟ್ಟಿದರೆ ಅದು ಎಲ್ಲಿಂದ ಶುರುವಾಗಬೇಕು ಎನ್ನುವುದು ಇಲ್ಲಿನ ಪ್ರಶ್ನೆ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ತಾಲೂಕುಗಳನ್ನು ಮುಂದಿಟ್ಟುಕೊಂಡು ಇದನ್ನು ಕೇಳುವುದಕ್ಕೆ ಕಾರಣವಿದೆ. ಕತೆ, ಕಲ್ಲು, ಚರ್ಮ, ಜೀವಂತ ನರಿ ಈ ನಾಲ್ಕೂ ಒಂದೇ ಸೀಮೆಯೊಳಗೆ ಸಿಗುವುದು ಅಪರೂಪ. ಶಬ್ದಕಲೆ ಎಂಬ ಹೆಸರು ಹೊತ್ತ ಸಂಸ್ಥೆ, ಉತ್ಸವಗಳು ಇಲ್ಲಿ ಬೇರೂರಿಲ್ಲ. ಆ ಕಲೆಗೆ ಬೇಕಾದ ಯೋಚನೆ ಮಾತ್ರ ಸಾವಿರ ವರ್ಷದಿಂದ ಇಲ್ಲಿ ಬಿದ್ದುಕೊಂಡಿದೆ.

ಕತೆಯಿಂದಲೇ ತೊಡಗೋಣ. ಕನ್ನಡದ ಪಂಚತಂತ್ರ ಬರೆದ ದುರ್ಗಸಿಂಹ ಕಿಸುಕಾಡು ನಾಡಿನ ಸಯ್ಯಡಿಯವನು. ಅದು ಇಂದಿನ ರೋಣ ತಾಲೂಕಿನ ಸವಡಿ ಎಂದು ವಿದ್ವಾಂಸರು ಗುರುತಿಸುತ್ತಾರೆ. ಯಲಬುರ್ಗಾದಿಂದ ಪಶ್ಚಿಮಕ್ಕೆ ಜಿಲ್ಲೆಯ ಗಡಿ ದಾಟಿದರೆ ಆ ಸೀಮೆ. ಅವನು ಕಲ್ಯಾಣ ಚಾಲುಕ್ಯರ ಜಗದೇಕಮಲ್ಲ ಜಯಸಿಂಹನಲ್ಲಿ ಸಂಧಿವಿಗ್ರಹಿಯಾಗಿದ್ದ, ಅಂದರೆ ಯುದ್ಧ ಮತ್ತು ರಾಜಿಯ ವ್ಯವಹಾರ ನೋಡಿಕೊಳ್ಳುತ್ತಿದ್ದ ಅಧಿಕಾರಿ. ಕೃತಿಯ ಕಾಲ ಸುಮಾರು 1031. ಎಲ್ಲರೂ ಬಲ್ಲ ವಿಷ್ಣುಶರ್ಮನ ಪಾಠವನ್ನು ಬಿಟ್ಟು ಅವನು ವಸುಭಾಗಭಟ್ಟನ ಪಾಠವನ್ನು ಹಿಡಿದ. ಹೀಗಾಗಿ ಈ ಕನ್ನಡ ಕೃತಿಗೆ ಹತ್ತಿರದ ನಂಟರು ಜಾವಾ ದ್ವೀಪದ ತಂತ್ರಿ ಕತೆಗಳಲ್ಲಿ ಸಿಗುತ್ತಾರೆ. ಅದೇ ಮೊದಲ ಕತೆಯ ನರಿಗಳಾದ ಕರಟಕ ದಮನಕರು ಇನ್ನೊಂದು ದಾರಿಯಲ್ಲಿ ಪಹ್ಲವಿಗೆ ಹೋಗಿ, 8ನೆಯ ಶತಮಾನದಲ್ಲಿ ಇಬ್ನ್ ಅಲ್-ಮುಕಫ್ಫನ ಅರಬ್ಬಿಯಲ್ಲಿ ಕಲೀಲ ಮತ್ತು ದಿಮ್ನ ಆದರು. ದುರ್ಗಸಿಂಹನಿಗಿಂತ ಸುಮಾರು ಇನ್ನೂರು ವರ್ಷ ಮೊದಲೇ ಕವಿರಾಜಮಾರ್ಗ ತಿರುಳ್ಗನ್ನಡದ ನೆಲೆಯೆಂದು ಎಣಿಸಿದ ಊರುಗಳಲ್ಲಿ ಕೊಪಣನಗರವೂ, ಅಂದರೆ ಇಂದಿನ ಕೊಪ್ಪಳವೂ ಇತ್ತು. ನಮ್ಮ ನಾಲ್ಕು ತಾಲೂಕುಗಳೂ ಆ ಸೀಮೆಯ ಒಳಗೆ, ಇಲ್ಲವೆ ಅಂಚಿನಲ್ಲಿ ಬರುತ್ತವೆ.

ಸಂಧಿವಿಗ್ರಹಿಗೆ ಪ್ರಾಣಿಕತೆ ಏಕೆ ಬೇಕಾಯಿತು ಎನ್ನುವುದಕ್ಕೆ ರಾಜನೀತಿಯ ಉತ್ತರ ಹಳೆಯದು. ನನಗೆ ಇನ್ನೊಂದು ಉತ್ತರವೂ ಸರಿ ಅನ್ನಿಸುತ್ತದೆ. ಅವನ ಕೆಲಸವೇ ಕೇಳಿಸಿಕೊಳ್ಳುವುದು. ಗಡಿಯಾಚೆಯಿಂದ ಬರುವ ಸುದ್ದಿಯಲ್ಲಿ ಯಾವುದು ಎತ್ತಿನ ಗುಟುರು, ಯಾವುದು ಗಾಳಿಗೆ ಬಡಿದ ನಗಾರಿ ಎಂದು ಅಳೆಯಬೇಕು. ಪಂಚತಂತ್ರದ ಪರಂಪರೆಯನ್ನೇ ಹೀಗೆ ಕಿವಿಯಿಂದ ಓದಿದರೆ ಆಶ್ಚರ್ಯವಾಗುವಷ್ಟು ಕತೆಗಳು ಸದ್ದಿನ ಮೇಲೆ ತಿರುಗುತ್ತವೆ. ನೀಲಿ ತೊಟ್ಟಿಗೆ ಬಿದ್ದು ಬಣ್ಣ ಹಚ್ಚಿಕೊಂಡು ರಾಜನಾದ ನರಿ, ದೂರದ ನರಿಗಳ ಊಳು ಕೇಳಿ ತಾನೂ ಊಳಿಟ್ಟು ಸಿಕ್ಕಿಬೀಳುತ್ತದೆ. ಹುಲಿ ಚರ್ಮ ಹೊದ್ದು ಹೊಲ ಮೇಯುವ ಕತ್ತೆ ಅರಚಿ ಸಾಯುತ್ತದೆ. ಹಂಸಗಳು ಕಚ್ಚಿ ಹಿಡಿದ ಕೋಲಿಗೆ ಜೋತುಬಿದ್ದ ಆಮೆ ಬಾಯಿ ಬಿಟ್ಟು ಕೆಳಗೆ ಬೀಳುತ್ತದೆ. ಒಳಗೆ ಸಿಂಹ ಅಡಗಿದೆಯೋ ಇಲ್ಲವೋ ತಿಳಿಯಲು ನರಿ ಗವಿಯನ್ನೇ ಮಾತನಾಡಿಸುತ್ತದೆ, ಗವಿ ಉತ್ತರ ಕೊಟ್ಟಾಗ ಓಡುತ್ತದೆ. ಬಣ್ಣ, ಚರ್ಮ, ವೇಷಗಳಲ್ಲಿ ಸುಳ್ಳು ನಡೆಯುತ್ತದೆ. ದನಿಯಲ್ಲಿ ನಡೆಯುವುದಿಲ್ಲ ಎಂಬುದು ಈ ಕತೆಗಾರರ ಗಟ್ಟಿ ನಂಬಿಕೆ.

ಇವುಗಳಲ್ಲಿ ನನಗೆ ಅತಿ ಪ್ರಿಯವಾದದ್ದು ಹಾಡುವ ಕತ್ತೆಯದು. ಪೂರ್ಣಭದ್ರನೆಂಬ ಜೈನ ಮುನಿ 1199ರಲ್ಲಿ ಸಿದ್ಧಪಡಿಸಿದ ಸಂಸ್ಕೃತ ಪಾಠದಲ್ಲಿ ಅದು ಬರುತ್ತದೆ. ಸವತೆಕಾಯಿ ಹೊಲದಲ್ಲಿ ನರಿಯ ಜೊತೆ ಕದ್ದು ಮೇದ ಕತ್ತೆಗೆ ಬೆಳದಿಂಗಳು ನೋಡಿ ಹಾಡುವ ಹುಕಿ ಬರುತ್ತದೆ. ನರಿ ಬೇಡವೆಂದರೆ ಕತ್ತೆ ಸಪ್ತಸ್ವರ, ಮೂರು ಗ್ರಾಮ, ಇಪ್ಪತ್ತೊಂದು ಮೂರ್ಛನೆ, ನಲವತ್ತೊಂಬತ್ತು ತಾನ ಎಂದು ಶಾಸ್ತ್ರ ಒಪ್ಪಿಸುತ್ತದೆ. ಆಮೇಲೆ ಅರಚುತ್ತದೆ, ಕಾವಲುಗಾರ ಬಂದು ಬಡಿದು ಕೊರಳಿಗೆ ಒರಳು ಕಟ್ಟುತ್ತಾನೆ. ಕತೆಗಾರ ಕತ್ತೆಯನ್ನು ನೋಡಿ ನಕ್ಕನೋ, ಶಾಸ್ತ್ರಿಗಳನ್ನು ನೋಡಿ ನಕ್ಕನೋ ಹೇಳುವುದು ಕಷ್ಟ. ಯಾವ ಸದ್ದನ್ನು ಸಂಗೀತವೆಂದು ಒಪ್ಪಿಕೊಳ್ಳಬೇಕು, ಯಾವುದನ್ನು ಗದ್ದಲವೆಂದು ಹೊಡೆದು ಓಡಿಸಬೇಕು ಎಂಬ, ಇವತ್ತಿನ ಪ್ರಯೋಗಕಾರರು ದಪ್ಪ ದಪ್ಪ ಪುಸ್ತಕಗಳಲ್ಲಿ ಚರ್ಚಿಸುವ ವಿಷಯ ಒಂದು ಹೊಲದ ಬದುವಿನ ಮೇಲೆ ಇತ್ಯರ್ಥವಾಗಿಬಿಟ್ಟಿದೆ. ಯುರೋಪಿನಲ್ಲೂ ಇದಕ್ಕೊಬ್ಬ ಜೊತೆಗಾರನಿದ್ದಾನೆ. 14ನೆಯ ಶತಮಾನದ ಆರಂಭದ ಫ್ರೆಂಚ್ ಕಾವ್ಯದ ಫೋವೆಲ್ ಎಂಬ ಕುದುರೆ ಅರಮನೆ ಸೇರುತ್ತದೆ, ದೊಡ್ಡವರೆಲ್ಲ ಅದರ ಮೈ ಉಜ್ಜುತ್ತಾರೆ. ಪ್ಯಾರಿಸ್ಸಿನಲ್ಲಿರುವ ಅದರ ಪ್ರಸಿದ್ಧ ಹಸ್ತಪ್ರತಿಯಲ್ಲಿ ನೂರಕ್ಕೂ ಹೆಚ್ಚು ಹಾಡುಗಳು ಸ್ವರಲಿಪಿಯೊಂದಿಗೆ ಸೇರಿವೆ. ಕುದುರೆಯ ಮದುವೆಯ ರಾತ್ರಿ ಊರ ಜನ ಮುಖವಾಡ ಹಾಕಿಕೊಂಡು ತಟ್ಟೆ, ಬೋಗುಣಿ, ಗಂಟೆ ಬಡಿದು ಗದ್ದಲ ಎಬ್ಬಿಸುವ ಚಿತ್ರವೂ ಅದರಲ್ಲಿದೆ.

ಜೈನ ಕತೆಗಳಿಗೆ ಬಂದರೆ ಸದ್ದು ಇನ್ನೂ ಭೀಕರವಾಗುತ್ತದೆ. ಕೊಪ್ಪಳ ಒಂದು ಕಾಲಕ್ಕೆ ಜೈನರ ಮಹಾತೀರ್ಥವಾಗಿದ್ದ ಊರು, ಆದ್ದರಿಂದ ಜನ್ನನ ಯಶೋಧರ ಚರಿತೆಯನ್ನು (1209) ಇಲ್ಲಿ ನೆನೆಯುವುದು ಅಸಂಗತವಲ್ಲ. ರಾಣಿ ಅಮೃತಮತಿ ಮಾವುತನಿಗೆ ಮನಸೋಲುವುದು ಅವನನ್ನು ನೋಡುವ ಮೊದಲು, ರಾತ್ರಿ ತೇಲಿಬಂದ ಅವನ ಹಾಡು ಕೇಳಿ. ಬಲಿಗೆಂದು ಹಿಟ್ಟಿನಲ್ಲಿ ಮಾಡಿದ ಹುಂಜ ಕತ್ತಿ ತಾಗಿದಾಗ ಕೂಗಿಬಿಡುತ್ತದೆ. ಆ ಒಂದು ಕೂಗಿಗೆ ಬಲಿ ಕೊಟ್ಟ ರಾಜ ಯಶೋಧರನೂ ಅವನ ತಾಯಿಯೂ ನವಿಲು, ನಾಯಿ ಎಂದು ಪ್ರಾಣಿಜನ್ಮಗಳನ್ನು ಸುತ್ತುತ್ತಾರೆ. ಕೊನೆಗೆ ಕೋಳಿಗಳಾಗಿ ಹುಟ್ಟಿ ಕೂಗಿದಾಗ, ಸದ್ದನ್ನೇ ಗುರಿಯಾಗಿಟ್ಟು ಬಾಣ ಬಿಡುವ ಶಬ್ದವೇಧಿ ವಿದ್ಯೆ ತೋರಿಸಲು ಹೊರಟ ಅರಸ ಅವರನ್ನು ಕೊಲ್ಲುತ್ತಾನೆ. ಆ ಅರಸ ಹಿಂದಿನ ಜನ್ಮದ ಮಗ. ಕಿವಿಯ ಹಿಂಸೆಯನ್ನು ಇಷ್ಟು ನಿಖರವಾಗಿ ಹಿಡಿದ ಇನ್ನೊಂದು ಕಾವ್ಯ ನಮ್ಮಲ್ಲಿಲ್ಲ. ಗಿರೀಶ ಕಾರ್ನಾಡರು ಇದನ್ನು ‘ಹಿಟ್ಟಿನ ಹುಂಜ’ (1980) ನಾಟಕ ಮಾಡಿದರು. ರಂಗದ ಮೇಲೆ ಅದನ್ನು ನೋಡುವುದಕ್ಕಿಂತ ಕತ್ತಲೆಯಲ್ಲಿ ಕೂತು ಕೇಳಬೇಕು ಎಂಬುದು ನನ್ನ ಹಟ.

ಕಾರ್ನಾಡರ ‘ಹಯವದನ’ (1971) ಈ ದೃಷ್ಟಿಯಿಂದ ಇನ್ನೂ ಮುಂದಿದೆ. ಅದರ ಮುಖ್ಯ ಕತೆಯ ಬೇರು 11ನೆಯ ಶತಮಾನದ ಕಥಾಸರಿತ್ಸಾಗರದಲ್ಲಿದೆ. ಅದನ್ನು ಬರೆದ ಸೋಮದೇವ ತನ್ನ ಕತೆಗಳ ಮೂಲ ಎನ್ನುವ ಗುಣಾಢ್ಯನ ಬೃಹತ್ಕಥೆಯನ್ನೇ ದುರ್ಗಸಿಂಹನೂ ತನ್ನ ಪಂಚತಂತ್ರದ ಹಿಂದೆ ನಿಲ್ಲಿಸುತ್ತಾನೆ. ನಾಟಕದ ಉಪಕತೆಯಲ್ಲಿ ಕುದುರೆ ಮುಖದ ಮನುಷ್ಯ ಹಯವದನ ಕೊನೆಗೆ ಮೈಯೆಲ್ಲ ಕುದುರೆಯಾಗುತ್ತಾನೆ, ಆದರೆ ದನಿ ಮನುಷ್ಯನದೇ ಉಳಿದು ಕಾಡುತ್ತದೆ. ಒಂದು ಮಗುವಿನ ಜೊತೆ ನಗುತ್ತ ನಗುತ್ತ ಆ ನಗು ಕೆನೆತವಾದಾಗಲೇ ಅವನು ಪೂರ್ತಿ ಪ್ರಾಣಿ. ವೇಷಕ್ಕಿಂತ ದನಿ ದೊಡ್ಡದೆಂಬ ಹಳೆಯ ನಂಬಿಕೆ ಇಲ್ಲಿ ತಲೆಕೆಳಗಾಗಿ ಬಂದಿದೆ: ನೀಲಿ ನರಿಯನ್ನು ಕೆಡಿಸಿದ್ದು ದನಿ, ಹಯವದನನನ್ನು ಉಳಿಸಿದ್ದು ದನಿ. ಈ ನಾಟಕವನ್ನು ರಂಗಕ್ಕೆ ತಂದವರಲ್ಲಿ ಮುಖ್ಯರಾದ ಬಿ.ವಿ. ಕಾರಂತರು ವಾದ್ಯವಲ್ಲದ ವಸ್ತುಗಳಿಂದಲೂ ಸದ್ದು ತೆಗೆದು ರಂಗಸಂಗೀತ ಕಟ್ಟಿದವರು. ಕನ್ನಡದಲ್ಲಿ ಪ್ರಯೋಗಶೀಲ ಶಬ್ದಕಲೆಯ ಚರಿತ್ರೆ ಬರೆಯುವವರು ಗ್ಯಾಲರಿಗಳಲ್ಲಿ ಹುಡುಕುವ ಮೊದಲು ಕಾರಂತರ ತಾಲೀಮು ಕೋಣೆಗೆ ಹೋಗಬೇಕು.

ಗಂಗಾವತಿ ತಾಲೂಕಿನ ಆನೆಗೊಂದಿಗೆ ಬಂದರೆ ಪ್ರಾಣಿಕತೆಗೆ ಭೂಗೋಳವೇ ಸಿಗುತ್ತದೆ. ಅಂಜನಾದ್ರಿ, ಪಂಪಾಸರೋವರ, ವಾಲಿಯ ಗವಿ ಎಲ್ಲವನ್ನೂ ಜನ ಕೈ ಎತ್ತಿ ತೋರಿಸುತ್ತಾರೆ. ಕಿಷ್ಕಿಂಧೆಯ ಕತೆಯೂ ಒಳಗಿನಿಂದ ಒಂದು ತಪ್ಪು ಕೇಳುವಿಕೆಯ ಕತೆ. ರಕ್ಕಸನನ್ನು ಅಟ್ಟಿಸಿಕೊಂಡು ವಾಲಿ ಗವಿ ಹೊಕ್ಕಿದ್ದಾನೆ, ಸುಗ್ರೀವ ಬಾಗಿಲಲ್ಲಿ ಕಾಯುತ್ತಿದ್ದಾನೆ. ದಿನಗಳು ಉರುಳುತ್ತವೆ. ಒಳಗಿನಿಂದ ನೊರೆರಕ್ತ ಹರಿದು ಬರುತ್ತದೆ, ರಕ್ಕಸರ ಗರ್ಜನೆ ಕೇಳುತ್ತದೆ, ಅಣ್ಣನ ದನಿ ಕೇಳುವುದಿಲ್ಲ. ಅಣ್ಣ ಸತ್ತನೆಂದು ತಿಳಿದು ಸುಗ್ರೀವ ಗವಿಗೆ ಬಂಡೆ ಮುಚ್ಚಿ ಊರಿಗೆ ಬರುತ್ತಾನೆ. ಮುಂದಿನ ವೈರ, ರಾಮನ ಬಾಣ, ತಾರೆಯ ದುಃಖ ಎಲ್ಲವೂ ಆ ಒಂದು ಕಿವಿಯ ತಪ್ಪಿನಿಂದ ಬಂದವು. ಇದೇ ವಾಲಿಯ ಬಾಗಿಲಿಗೆ ಕೋಣದ ರೂಪದ ದುಂದುಭಿ ಬಂದು ನೆಲ ನಡುಗುವಂತೆ ಗುಟುರು ಹಾಕಿ ಕಾಳಗಕ್ಕೆ ಕರೆದಿದ್ದ. ಯಾರಾದರೂ ಒಂದು ಗವಿಯೊಳಗೆ ಸುಗ್ರೀವ ಕೇಳಿದ್ದನ್ನು ಮಾತ್ರ, ಅಷ್ಟನ್ನೇ, ಕೇಳಿಸುವ ಕೆಲಸ ಮಾಡಿದರೆ ರಾಮಾಯಣದ ಬಗ್ಗೆ ಹೊಸದೊಂದು ಪ್ರಶ್ನೆ ಎದ್ದೀತು.

ಅದೇ ತಾಲೂಕಿನ ಹಿರೇಬೆಣಕಲ್ ಗುಡ್ಡದ ಮೇಲೆ ನೂರಾರು ಬೃಹತ್ ಶಿಲಾಯುಗದ ಕಲ್ಮನೆಗಳು ನಿಂತಿವೆ. ಜನ ಮೋರ್ಯರ ಮನೆ ಎನ್ನುತ್ತಾರೆ. 2021ರಲ್ಲಿ ಯುನೆಸ್ಕೊದ ತಾತ್ಕಾಲಿಕ ಪಟ್ಟಿಗೆ ಸೇರಿದ ತಾಣ. ಕಲ್ಮನೆಗಳನ್ನು ನೋಡಲು ಹೋದವರು ಎತ್ತರದ ಬಂಡೆಯ ಮೇಲೆ ಕೂತ ನಗಾರಿಯಾಕಾರದ ಗುಂಡನ್ನು ಹೆಚ್ಚಾಗಿ ಫೋಟೊ ತೆಗೆದು ಮುಂದೆ ಹೋಗುತ್ತಾರೆ. ಬಡಿದರೆ ಅದರ ಸದ್ದು ಒಂದು ಕಿಲೋಮೀಟರಿಗೂ ಆಚೆ ಮುಟ್ಟುತ್ತದೆ. ಅಲ್ಲೇ ಕಲ್ಲಾಸರೆಗಳಲ್ಲಿ ಕೆಂಪು ಬಣ್ಣದ ಜಿಂಕೆ, ಗೂಳಿ, ಬೇಟೆಗಾರರ ಚಿತ್ರಗಳಿವೆ. ಹೊಳೆಯಾಚೆ ಬಳ್ಳಾರಿಯ ಸಂಗನಕಲ್ಲು-ಕುಪ್ಪಗಲ್ಲಿನಲ್ಲಿ ಈ ನಂಟು ಇನ್ನೂ ಸ್ಪಷ್ಟ. ಅಲ್ಲಿನ ಕರಿಕಲ್ಲಿನ ಬಂಡೆಗಳ ಮೇಲೆ ಉದ್ದ ಕೊಂಬಿನ ದನಗಳನ್ನು ಕುಟ್ಟಿ ಮೂಡಿಸಿದ್ದಾರೆ, ಪಕ್ಕದ ಕೆಲವು ಬಂಡೆಗಳಲ್ಲಿ ಬಡಿದು ಬಡಿದು ಆದ ಗುಳಿಗಳಿವೆ. ಅವನ್ನು ಬಡಿದರೆ ಗಂಟೆಯಂತೆ ನಾದ ಬರುತ್ತದೆ. ಪುರಾತತ್ತ್ವಜ್ಞೆ ನಿಕೋಲ್ ಬೋವಿನ್ 2004ರಲ್ಲಿ ಇದನ್ನು ಬರೆದಾಗ, ಆ ಜನಕ್ಕೆ ಚಿತ್ರ ಬಿಡಿಸುವುದೂ ಸದ್ದು ಮಾಡುವುದೂ ಬೇರೆ ಬೇರೆ ಕೆಲಸಗಳಾಗಿರಲಿಕ್ಕಿಲ್ಲ ಎಂಬ ದಾರಿ ತೆರೆದರು. ಹಂಪಿಯ ವಿಠಲ ದೇವಾಲಯದ ಸ್ವರಗಂಬಗಳಿಗೆ ಸಿಕ್ಕ ಖ್ಯಾತಿಯ ನೂರರಲ್ಲೊಂದು ಪಾಲೂ ಈ ಹಾಡುಗಲ್ಲುಗಳಿಗೆ ಸಿಕ್ಕಿಲ್ಲ. ಸಿಗದಿದ್ದದ್ದೇ ಒಳ್ಳೆಯದಾಯಿತೇನೋ, ವಿಠಲನ ಕಂಬಗಳನ್ನು ಬಡಿದು ಬಡಿದು ಕೊನೆಗೆ ಮುಟ್ಟದಂತೆ ಕಾವಲು ಹಾಕಬೇಕಾಯಿತು.

ಇನ್ನು ಚರ್ಮದ ವಿಷಯ. ಪಂಚತಂತ್ರದ ನರಿ ನಗಾರಿಯನ್ನು ಪ್ರಾಣಿ ಎಂದು ಭಾವಿಸಿದ್ದು ಪೂರ್ತಿ ಮೂರ್ಖತನವೇನಲ್ಲ. ಅದು ಸತ್ತ ಪ್ರಾಣಿಯೇ. ಈ ಸೀಮೆಯ ಡೊಳ್ಳು, ಹಲಗೆ, ಕರಡಿ ವಾದ್ಯ ಎಲ್ಲಕ್ಕೂ ಆಡು, ಕುರಿ, ದನಗಳ ಚರ್ಮ ಬೇಕು. ಚರ್ಮ ಸುಲಿಯುವವರು, ಹದ ಮಾಡುವವರು, ಬಡಿಯುವವರು ಯಾರೆಂಬುದನ್ನು ಊರು ಜಾತಿ ಹಿಡಿದೇ ಹಂಚಿಟ್ಟಿತ್ತು. ಹಲಗೆಯ ಸದ್ದು ದೇವರ ಮುಂದೆ ಬೇಕು, ಹೆಣದ ಮುಂದೆ ಬೇಕು. ಹಲಗೆಯವರು ಮಾತ್ರ ಗುಡಿಯ ಹೊರಗೆ. ‘ಜಾನಪದ ನಾದ’ ಎಂದು ಹತ್ತು ಸೆಕೆಂಡಿನ ಹಲಗೆ ಪೆಟ್ಟನ್ನು ಕಂಪ್ಯೂಟರಿಗೆ ಇಳಿಸಿಕೊಂಡು ಕೃತಿ ಕಟ್ಟುವವರು ಈ ಚರಿತ್ರೆಯನ್ನೂ ಜೊತೆಗೆ ಇಳಿಸಿಕೊಳ್ಳುವುದಿಲ್ಲ. ನರಿ ಹರಿದು ನೋಡಿದಾಗ ಟೊಳ್ಳಿತ್ತು. ನಮ್ಮ ಹಲಗೆಯ ಒಳಗೆ ಅಷ್ಟು ಖಾಲಿ ಇಲ್ಲ.

ಚರ್ಮ, ಪ್ರಾಣಿ, ಪರದೆ, ದನಿ ಎಲ್ಲವೂ ಒಂದೇ ಕಡೆ ಕೂಡುವುದು ತೊಗಲುಗೊಂಬೆಯಲ್ಲಿ. ಕೊಪ್ಪಳ ತಾಲೂಕಿನ ಮೋರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂದಾಗ ಅವರ ವಯಸ್ಸು ತೊಂಬತ್ತು ದಾಟಿತ್ತು. ಪತ್ರಿಕೆಗಳು ವಯಸ್ಸನ್ನೂ ಅವರು ಹೋಗಿಬಂದ ದೇಶಗಳನ್ನೂ ಎಣಿಸಿದವು, ಗೊಂಬೆಗಳ ಬಣ್ಣವನ್ನು ಹೊಗಳಿದವು. ಅವರ ಕಲೆಯ ಅರ್ಧ ಭಾಗ ಕಿವಿಯದು ಎಂಬುದು ಸುದ್ದಿಯಾಗಲಿಲ್ಲ. ಬಿಳಿ ಪರದೆಯ ಹಿಂದೆ ಕೂತವರ ಕೊರಳಿನಿಂದ ರಾಮ, ಸೀತೆ, ರಾವಣ, ಹನುಮಂತ, ಜಿಂಕೆ, ಜಟಾಯು ಎಲ್ಲರೂ ಹೊರಡಬೇಕು. ಎದುರಿಗೆ ಕೂತವರಿಗೆ ಕಾಣುವುದು ನೆರಳು. ಮಾತಾಡುವ ಬಾಯಿ ಕಾಣುವುದಿಲ್ಲ. ಆಡಿನ, ಜಿಂಕೆಯ ತೊಗಲಿನಿಂದ ಮಾಡಿದ ಜಿಂಕೆ ಮನುಷ್ಯ ದನಿಯಲ್ಲಿ ಕೂಗುತ್ತದೆ. ಮಾಯಾಮೃಗ ಸಾಯುವಾಗ ರಾಮನ ದನಿಯಲ್ಲಿ ಅರಚಿ ಲಕ್ಷ್ಮಣನನ್ನು ಸೆಳೆಯುವ ಸನ್ನಿವೇಶವನ್ನು ನೆನೆಸಿಕೊಳ್ಳಿ: ಪರದೆಯ ಹಿಂದಿನ ಕಲಾವಿದ ರಾಮನನ್ನು ಅನುಕರಿಸುವ ರಕ್ಕಸನನ್ನು ಅನುಕರಿಸುವ ತೊಗಲನ್ನು ಆಡಿಸುತ್ತಿದ್ದಾನೆ. ಇಷ್ಟು ಮಡಿಕೆಯ ಶಬ್ದರಚನೆಗೆ ಶೆಫರನ ಸ್ಟುಡಿಯೊದಲ್ಲಿ ಹಲವು ಟೇಪುಗಳು ಬೇಕಾಗುತ್ತಿದ್ದವು. ನಡುವೆ ಕಿಳ್ಳೇಕ್ಯಾತ, ಬಂಗಾರಕ್ಕ ಎಂಬ ಹಾಸ್ಯಗೊಂಬೆಗಳು ನುಗ್ಗಿ ಊರ ಸುದ್ದಿ ಎತ್ತಿ ನಗಿಸುತ್ತಾರೆ, ಪುರಾಣ ಒಂದು ಗಳಿಗೆ ನಿಲ್ಲುತ್ತದೆ.

ಮೊಹರಂನಲ್ಲಿ ಪರದೆಯೇ ಇಲ್ಲ. ಹರಕೆ ಹೊತ್ತವರು ಮೈಗೆಲ್ಲ ಹುಲಿಪಟ್ಟೆ ಬರೆಸಿಕೊಂಡು ಅಲಾಯಿಯ ಬೆಂಕಿ ಕುಣಿಯ ಸುತ್ತ ಹಲಗೆಯ ಪೆಟ್ಟಿಗೆ ಹೆಜ್ಜೆ ಹಾಕುತ್ತಾರೆ. ಕೊಪ್ಪಳ, ರಾಯಚೂರು ಸೀಮೆಯಲ್ಲಿ ಹಿಂದೂಗಳೂ ಮುಸ್ಲಿಮರೂ ಸೇರಿ ನಡೆಸುವ ಹಬ್ಬ ಅದು. ಕುತೂಹಲವೆಂದರೆ ಈ ಹುಲಿಗಳು ಅಷ್ಟಾಗಿ ಗರ್ಜಿಸುವುದಿಲ್ಲ. ಗರ್ಜನೆ ಹಲಗೆಯಲ್ಲಿದೆ, ಹುಲಿ ಕಾಲಿನಲ್ಲಿದೆ. ದನಿಯನ್ನೂ ಮೈಯನ್ನೂ ಬೇರೆ ಮಾಡಿ ಇಬ್ಬರಿಗೆ ಹಂಚಿದ್ದಾರೆ. ಕರಡಿ ಮಜಲಿನಲ್ಲೂ ಅಷ್ಟೆ: ಕೊರಳಿಗೆ ಕರಡಿ ವಾದ್ಯ ನೇತುಹಾಕಿಕೊಂಡ ಗಂಡಸರು ಸನಾದಿಯ ಜೊತೆ ಮೆರವಣಿಗೆಯ ಮುಂದೆ ನಿಲ್ಲುತ್ತಾರೆ, ಅದರ ನಾದ ಕರಡಿ ಗುರುಗುಟ್ಟಿದಂತೆ ಎಂದು ಜನ ಹೇಳುತ್ತಾರೆ, ಕರಡಿಯ ವೇಷ ಯಾರೂ ಹಾಕುವುದಿಲ್ಲ. ಈಗ ಮದುವೆ, ಜಾತ್ರೆಗಳ ಮೆರವಣಿಗೆಯಲ್ಲಿ ಅವರ ಜಾಗಕ್ಕೆ ಡಿಜೆ ಲಾರಿ ಬಂದಿದೆ. ಲಾರಿಯ ಬಾಸ್ ಎದೆಗೆ ಬಡಿಯುತ್ತದೆ ನಿಜ, ಆದರೆ ಯಾವ ಪ್ರಾಣಿಯೂ ಅದರಲ್ಲಿ ಇಲ್ಲ.

ಪ್ರಾಣಿಯೇ ಕೇಳುಗನಾಗಿದ್ದ ಒಂದು ಸಂಗೀತವೂ ಈ ಎರೆಹೊಲಗಳಲ್ಲಿತ್ತು. ಹಂತಿ ಕಟ್ಟಿ ಜೋಳ ತುಳಿಸುವಾಗ ಕಣದ ನಡುವಿನ ಮೇಟಿಯ ಸುತ್ತ ಎತ್ತುಗಳು ರಾತ್ರಿಯಿಡೀ ತಿರುಗುತ್ತಿದ್ದವು, ಹಿಂದೆ ಹೊಡೆಯುವವರು ಹಂತಿ ಪದ ಹೇಳುತ್ತಿದ್ದರು. ಹಾಡು ನಿಂತರೆ ಎತ್ತು ನಿಲ್ಲುತ್ತಿತ್ತು. ಹಾಡುಗಾರ ಸುತ್ತುತ್ತಲೇ ಇರುವುದರಿಂದ ಕಣದ ಅಂಚಿನಲ್ಲಿ ಮಲಗಿದವರಿಗೆ ದನಿ ಹತ್ತಿರ ಬಂದು ದೂರ ಹೋಗಿ ಮತ್ತೆ ಬರುತ್ತಿತ್ತು. ಇವತ್ತು ಎಂಟು ಸ್ಪೀಕರುಗಳನ್ನು ವೃತ್ತದಲ್ಲಿಟ್ಟು ಸದ್ದನ್ನು ಸುತ್ತಿಸುವ ಸಂಯೋಜಕರು ಮಾಡುವುದೂ ಇದನ್ನೇ. ರಾಶಿ ಯಂತ್ರ ಬಂದ ಮೇಲೆ ಎತ್ತೂ ಹೋಯಿತು, ಪದವೂ ಹೋಯಿತು. ವೇದಿಕೆಯ ಮೇಲೆ ಸಾಲಾಗಿ ಕೂತು ಮೈಕಿನಲ್ಲಿ ಹಾಡುವ ಹಂತಿ ಪದದಲ್ಲಿ ಮಾತು ಉಳಿದಿದೆ, ಸುತ್ತು ಉಳಿದಿಲ್ಲ. ಗೋವಿನ ಹಾಡಿನಲ್ಲೂ ಹೀಗೊಂದು ಕರೆಯಿದೆ. ಗೊಲ್ಲ ಕೊಳಲೂದಿ ಒಂದೊಂದೇ ಹಸುವನ್ನು ಹೆಸರು ಹಿಡಿದು ಕರೆಯುವಾಗ ಬರುವ ಹೆಸರುಗಳಲ್ಲಿ ತುಂಗಭದ್ರೆಯೂ ಸೇರಿದೆ. ಪಂಚತಂತ್ರದಲ್ಲಿ ದನಿ ಸಿಕ್ಕಿಹಾಕಿಸುವ ಸಾಧನವಾದರೆ ಈ ಹಾಡಿನ ಹಸು ಪುಣ್ಯಕೋಟಿಯ ಕತೆಯಲ್ಲಿ ಆಡಿದ ಮಾತೇ ಒತ್ತೆ. ಅರಸನ ಮಂತ್ರಿ ಬರೆದ ಪ್ರಾಣಿಕತೆಗೂ ದನ ಕಾಯುವವರ ಪ್ರಾಣಿಕತೆಗೂ ಇರುವ ಅಂತರ ಇದು.

ಇಷ್ಟೆಲ್ಲ ಸಾಮಗ್ರಿಯನ್ನು ಇಟ್ಟುಕೊಂಡು ಹೊಸಬರು ಏನು ಮಾಡಬಹುದು? ಮೊದಲು ಮಾಡಬಾರದ್ದನ್ನು ಹೇಳಿಬಿಡುತ್ತೇನೆ. ಸಿಂಹಕ್ಕೊಂದು ವಾದ್ಯ, ನರಿಗೊಂದು ವಾದ್ಯ ಎಂದು ಹಂಚುವ ವಿಧಾನ ಪಶ್ಚಿಮದ ಶಾಸ್ತ್ರೀಯ ಸಂಗೀತದಲ್ಲಿ ಚೆನ್ನಾಗಿಯೇ ನಡೆದುಹೋಗಿದೆ. ಸೇಂಟ್-ಸಾನ್ಸ್ 1886ರಲ್ಲಿ ಪ್ರಾಣಿಗಳ ಸಂತೆ ನೆರೆಸಿದ, ಪ್ರೊಕೊಫಿಯೆವ್ 1936ರಲ್ಲಿ ಪೀಟರ್ ಮತ್ತು ತೋಳದ ಕತೆಗೆ ಒಂದೊಂದು ಪ್ರಾಣಿಗೂ ಒಂದೊಂದು ವಾದ್ಯ ಕೊಟ್ಟ. ಮಕ್ಕಳಿಗೆ ವಾದ್ಯ ಪರಿಚಯಿಸಲು ಅದು ಸೊಗಸು. ಅದನ್ನೇ ಸನಾದಿ, ಡೊಳ್ಳುಗಳಲ್ಲಿ ಪುನಃ ಮಾಡಿದರೆ ಶಾಲಾ ವಾರ್ಷಿಕೋತ್ಸವ ಆದೀತು, ಪ್ರಯೋಗ ಆಗದು. ಮಿಮಿಕ್ರಿಯೂ ಬೇರೆಯೇ ವಿದ್ಯೆ: ಅಲ್ಲಿ ಕೇಳುಗ ‘ಥೇಟ್ ನರಿಯೇ’ ಎಂದರೆ ಗೆದ್ದಂತೆ. ಪ್ರಾಣಿಕತೆಯ ಶಬ್ದಕಲೆಯಲ್ಲಿ ಕೇಳುಗ ‘ಇದೇನು?’ ಎಂದು ಪಿಂಗಲಕನ ಜಾಗದಲ್ಲಿ ಕೂರಬೇಕು. ಭಯ, ಊಹೆ, ತಪ್ಪು ಊಹೆ ಇವೇ ಈ ಕಲೆಯ ರಸಗಳು.

ದಾರಿ ತೋರಿಸಬಲ್ಲ ಕೆಲಸ ಕರ್ನಾಟಕದಲ್ಲಿದ್ದವರಿಂದಲೇ ನಡೆದಿದೆ. ಬೆಂಗಳೂರಿನ ಉಮಾಶಂಕರ್ ಮಂತ್ರವಾದಿ ಯಾವ ವಿಶ್ವವಿದ್ಯಾಲಯದ ಪದವಿಯ ಹಂಗೂ ಇಲ್ಲದೆ ಧ್ವನಿಪುರಾತತ್ತ್ವ ಕಲಿತವರು. ಸುತ್ತಲಿನ ದಿಕ್ಕುಗಳ ಸದ್ದನ್ನೆಲ್ಲ ಹಿಡಿಯುವ ಮೈಕುಗಳನ್ನು ಸ್ವತಃ ಕಟ್ಟಿ ನಾಗಾರ್ಜುನಕೊಂಡ, ಒಡಿಶಾದ ರಾಣಿಗುಂಫಾ ಮುಂತಾದ ಹಳೆಯ ರಂಗಸ್ಥಳಗಳ ನಾದಗುಣವನ್ನು ಅಳೆದರು. ಅವರ ಕೆಲಸವನ್ನು ನಡುವಿಟ್ಟುಕೊಂಡು ನಿದಾ ಘೌಸ್ 2020ರಲ್ಲಿ ಬರ್ಲಿನ್ನಿನಲ್ಲಿ ದೊಡ್ಡ ಶಬ್ದಪ್ರದರ್ಶನವೊಂದನ್ನು ರೂಪಿಸಿದರು. ಹಳೆಯ ಜಾಗ ಹೇಗೆ ಕೇಳುತ್ತಿತ್ತು ಎಂಬ ಪ್ರಶ್ನೆಯನ್ನು ಬರ್ಲಿನ್ ಕೇಳಿಸಿಕೊಂಡಿತು. ಹಿರೇಬೆಣಕಲ್ಲಿನ ನಗಾರಿ ಗುಂಡಿನಿಂದ ಬೆಂಗಳೂರು ಒಂದು ರಾತ್ರಿಯ ಬಸ್ ಪ್ರಯಾಣದಷ್ಟೇ ದೂರ. ಇದಕ್ಕೂ ಹಿಂದೆ, 1969ರಲ್ಲಿ, ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಲ್ಲಿ ಅಮೆರಿಕದ ಡೇವಿಡ್ ಟ್ಯೂಡರ್ ಮೂಗ್ ಸಿಂಥಸೈಜರಿನ ಸ್ಟುಡಿಯೊ ಕಟ್ಟಿಕೊಟ್ಟಿದ್ದ. ಅಲ್ಲಿನ ಟೇಪುಗಳು ದಶಕಗಳ ಕಾಲ ಕಪಾಟಿನಲ್ಲೇ ಉಳಿದು 2023ರಲ್ಲಿ ಹೊರಬಂದವು. ಮುದ್ರಿಸಿದ್ದನ್ನು ಎಲ್ಲಿ, ಯಾರ ಬಳಿ ಇಡುತ್ತೇವೆ ಎಂಬುದು ಮುದ್ರಿಸುವಷ್ಟೇ ಮುಖ್ಯ ಎನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ.

ನಿಜದ ಪ್ರಾಣಿಗಳೂ ಇಲ್ಲಿವೆ. ಗಂಗಾವತಿ ತಾಲೂಕಿನ ಬಂಕಾಪುರದ ತೋಳಧಾಮದ ಕುರುಚಲಿನಲ್ಲಿ ತೋಳ, ನರಿಗಳಿವೆ. ತುಂಗಭದ್ರೆಯ 34 ಕಿಲೋಮೀಟರ್ ಹರಿವನ್ನು 2015ರಲ್ಲಿ ನೀರುನಾಯಿಗಳ ಸಂರಕ್ಷಿತ ತಾಣವೆಂದು ಘೋಷಿಸಿದ್ದಾರೆ. ಅವುಗಳ ಸಿಳ್ಳೆ, ಕಿರುಚು ಹೊಳೆಯ ಬಂಡೆಗಳ ನಡುವೆ ಕೇಳುತ್ತವೆ. ಆನೆಗೊಂದಿಯ ಗುಡ್ಡಗಳ ಚಿರತೆಯ ಕೂಗು ಗರಗಸ ಎಳೆದ ಹಾಗೆ, ಸಿನಿಮಾದ ಗರ್ಜನೆಯಂತಲ್ಲ. ಪಂಚತಂತ್ರದ ಕಾಡು ಎಂದರೆ ದಟ್ಟ ಮಲೆನಾಡು ಎಂದುಕೊಂಡವರಿಗೆ ಕುಷ್ಟಗಿಯ ಒಣ ಬಯಲು ಕಾಡೆನಿಸುವುದಿಲ್ಲ. ಆದರೆ ನರಿಗೆ ಬೇಕಾದದ್ದು ಇದೇ ನೆಲ: ಬೋಳುಗುಡ್ಡ, ಕುರಿಹಟ್ಟಿ, ಹೊಲದ ಅಂಚು. ನರಿಯ ಊಳು, ಅದಕ್ಕೆ ಕುರಿಗಾಹಿಯ ನಾಯಿಯ ಬೊಗಳು, ಅದರ ಮೇಲೆ ಕುರಿಗಾಹಿಯ ಹೋ ಎನ್ನುವ ಕೂಗು ಇವು ಮೂರೂ ಸೇರಿದಾಗ ನೀಲಿ ನರಿಯ ಕತೆಯ ನಿಜವಾದ ಭೂಮಿಕೆ ಸಿದ್ಧವಾಗುತ್ತದೆ. ಗಿಣಿಗೇರಿ ಕಡೆ ಹೋದರೆ ಕಾರ್ಖಾನೆಗಳ ಗುಂಯ್ ಎನ್ನುವ ಸದ್ದು ಇದನ್ನೆಲ್ಲ ನುಂಗಿರುತ್ತದೆ. ಅದನ್ನೂ ಅಳಿಸದೆ ಮುದ್ರಿಸಿಕೊಳ್ಳಬೇಕು, ಆ ಗುಂಯ್‌ನೊಳಗೆ ನರಿಯ ಊಳು ಎಲ್ಲಿಯವರೆಗೆ ಕೇಳುತ್ತದೆ ಎಂದು ನೋಡುವುದೂ ಈ ಕೆಲಸದ ಭಾಗವೇ.

ಕಿನ್ನಾಳದ ಮರದ ಗಿಳಿ, ಆನೆ, ನಂದಿಗಳನ್ನು ನಾನು ಇಲ್ಲಿ ತರಲಿಲ್ಲ. ಅವು ಕಣ್ಣಿನ ಪ್ರಾಣಿಗಳು, ಚಂದವಾಗಿ ಮೂಕವಾಗಿವೆ, ಹಾಗೇ ಇರಲಿ.

ಇನ್ನು ಎಲ್ಲಿಂದ ಶುರು ಎಂಬುದಕ್ಕೆ ನನ್ನ ಉತ್ತರ ಮೋರನಾಳ. ಶಿಳ್ಳೇಕ್ಯಾತರ ಮನೆತನಗಳಲ್ಲಿ ಉಳಿದಿರುವ ಆಟವನ್ನು ಒಂದು ಪೂರ್ತಿ ರಾತ್ರಿ, ಎರಡು ಕಡೆಯಿಂದ ಮುದ್ರಿಸಬೇಕು. ಒಂದು ಮೈಕು ಪರದೆಯ ಹಿಂದೆ, ಕೊರಳು, ಉಸಿರು, ತೊಗಲಿನ ಸರಸರ, ಒಬ್ಬರಿಗೊಬ್ಬರು ಪಿಸುಗುಟ್ಟುವ ಸೂಚನೆಗಳು ಕೇಳುವಷ್ಟು ಹತ್ತಿರ. ಇನ್ನೊಂದು ಜನರ ನಡುವೆ, ಮಗು ಅಳುವುದು, ಮುದುಕರು ಮುಂದಿನ ಮಾತನ್ನು ಮೊದಲೇ ಹೇಳಿಬಿಡುವುದು ಎಲ್ಲ ಸೇರಿ. ಪ್ರಶಸ್ತಿಗಾಗಿ ಇಪ್ಪತ್ತು ನಿಮಿಷಕ್ಕೆ ಕತ್ತರಿಸಿದ ಆಟದಲ್ಲಿ ಇದು ಸಿಗದು. ಆಡಿದವರಿಗೆ ರಾತ್ರಿಯ ಲೆಕ್ಕದಲ್ಲಿ ಸಂಭಾವನೆ ಕೊಡಬೇಕು, ಮುದ್ರಿಸಿದ್ದರ ಒಂದು ಪ್ರತಿ ಅವರ ಮನೆಯಲ್ಲಿರಬೇಕು, ಇನ್ನೊಂದು ಕೊಪ್ಪಳ ಜಿಲ್ಲೆಯೊಳಗೇ ಯಾರು ಬೇಕಾದರೂ ಹೋಗಿ ಕೇಳುವಂಥ ಗ್ರಂಥಾಲಯದಲ್ಲಿರಬೇಕು. ಆಮೇಲೆ ಅದನ್ನು ಕತ್ತರಿಸಿ, ಹಿಗ್ಗಿಸಿ, ಹೊಸ ಕೃತಿ ಮಾಡುವವರು ಬರಲಿ. ಮನೆತನದವರ ಒಪ್ಪಿಗೆ ಪಡೆದು, ಅವರ ಹೆಸರನ್ನು ತಮ್ಮ ಹೆಸರಿಗಿಂತ ಮೇಲೆ ಬರೆದು.